ಮರ್ಜ್ ಆದ ಮೇಲೆ ಫೈಲ್ ಇತಿಹಾಸದಲ್ಲಿ ಕಮಿಟ್ಟೇ ಕಾಣುತ್ತಿಲ್ಲ: ಗಿಟ್ ಲಾಗ್ ಬಿಟ್ಟುಬಿಡುವುದನ್ನು ಹಿಡಿಯುವುದು ಹೇಗೆ?

ಕವಲುಗಣ್ಣು

ಗಿಟ್ (ಕೋಡ್ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶ) ಬಳಸುವಾಗಿನ ಸಮಸ್ಯೆ ಇಷ್ಟು. ಲೆಕ್ಕ.ಪೈ ಎಂಬ ಫೈಲ್‌ನಲ್ಲಿ ಮೊತ್ತವನ್ನು ಎರಡು ದಶಮಾಂಶಕ್ಕೆ ಇಳಿಸುವ ಒಂದು ಸಾಲನ್ನು ಮೇನ್ ಬ್ರಾಂಚ್‌ನಲ್ಲಿ (ಕೋಡ್‌ನ ಮುಖ್ಯ ಕವಲು) ಸರಿಪಡಿಸಲಾಗಿತ್ತು. ಆ ಕಮಿಟ್ಟನ್ನು (ದಾಖಲಾದ ಬದಲಾವಣೆಯನ್ನು) 'ತಿ' ಎನ್ನೋಣ. ಈಗ ಮೇನ್‌ನಲ್ಲಿ ಆ ಸಾಲು ಮತ್ತೆ ಹಳೆಯ ರೂಪದಲ್ಲೇ ಇದೆ. ವಿಚಿತ್ರ ಅಂದರೆ,

ಗಿಟ್ ಲಾಗ್ --ಒನ್‌ಲೈನ್ -- ಲೆಕ್ಕ.ಪೈ

ಎಂದು ಹೊಡೆದರೆ 'ತಿ' ಪಟ್ಟಿಯಲ್ಲೇ ಇಲ್ಲ. ಅದನ್ನು ಅಳಿಸಿದ ಕಮಿಟ್ಟೂ ಇಲ್ಲ. ಆದರೆ ಗಿಟ್ ಬ್ರಾಂಚ್ --ಕಂಟೇನ್ಸ್ ತಿ ಎಂದು ಕೇಳಿದರೆ ಮೇನ್‌ನ ಹೆಸರು ಬರುತ್ತದೆ. ಅಂದರೆ ಕಮಿಟ್ ಮೇನ್‌ನೊಳಗೇ ಇದೆ, ಫೈಲ್ ಇತಿಹಾಸದಲ್ಲಿ ಮಾತ್ರ ಇಲ್ಲ. ಫೋರ್ಸ್ ಪುಶ್ (ಸರ್ವರ್‌ನ ಇತಿಹಾಸವನ್ನೇ ಅಳಿಸಿ ಬರೆಯುವುದು) ಆಗಿಲ್ಲ. ಮಧ್ಯದಲ್ಲಿ ಒಂದು ಫೀಚರ್ ಬ್ರಾಂಚ್ ಮರ್ಜ್ ಆಗಿದೆ (ಮೇನ್‌ಗೆ ಸೇರಿಕೊಂಡಿದೆ), ಅದಕ್ಕೂ ಮೊದಲು ಆ ಬ್ರಾಂಚ್‌ಗೆ ಮೇನ್ ಅನ್ನು ಒಮ್ಮೆ ಎಳೆದುಕೊಳ್ಳಲಾಗಿದೆ. ಲಾಗ್ ಸುಳ್ಳು ಹೇಳುತ್ತಿದೆಯೇ?

(ಕಮಾಂಡುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಅಕ್ಷರ ದೊಡ್ಡದೋ ಚಿಕ್ಕದೋ ಎಂಬುದು ಮುಖ್ಯವಾದ ಕಡೆ ದಯವಿಟ್ಟು ಎಲ್ಲರೂ ಹೇಳಿ.)

---

ಬೇರುಬಿಳಲು

ಸುಳ್ಳು ಹೇಳುತ್ತಿಲ್ಲ, ನೀವು ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತಿದೆ. ಗಿಟ್‌ನಲ್ಲಿ 'ಫೈಲ್ ಇತಿಹಾಸ' ಅಂತ ಎಲ್ಲೂ ಬರೆದಿಟ್ಟಿರುವುದಿಲ್ಲ. ಇರುವುದು ಕಮಿಟ್ಟುಗಳು, ಪ್ರತಿ ಕಮಿಟ್‌ಗೂ ಇಡೀ ಟ್ರೀಯ (ಎಲ್ಲ ಫೈಲ್‌ಗಳ) ಒಂದು ಚಿತ್ರ, ಮತ್ತು ಅದರ ಪೇರೆಂಟ್ (ಹಿಂದಿನ ಕಮಿಟ್) ಯಾರು ಎಂಬ ಗುರುತು. ಫೈಲ್ ಹೆಸರು ಕೊಟ್ಟು ಲಾಗ್ ಕೇಳಿದಾಗ ಅದು ಆಗಲೇ ಲೆಕ್ಕ ಹಾಕಿ ಹೇಳುತ್ತದೆ. ಹಾಗೆ ಹೇಳುವುದು 'ಈ ಫೈಲ್ ಈಗಿರುವ ಸ್ಥಿತಿಗೆ ಹೇಗೆ ಬಂತು' ಎಂಬುದನ್ನು, ಅದೂ ಅತಿ ಚಿಕ್ಕ ದಾರಿಯಲ್ಲಿ. 'ಈ ಫೈಲ್‌ಗೆ ಏನೇನಾಯಿತು' ಎಂಬುದು ಬೇರೆಯೇ ಪ್ರಶ್ನೆ.

ನಿಯಮ ಹೀಗೆ: ಮರ್ಜ್ ಕಮಿಟ್ ಎದುರಾದಾಗ, ಕೇಳಿದ ಫೈಲ್ ಯಾವುದಾದರೂ ಒಬ್ಬ ಪೇರೆಂಟ್‌ನಲ್ಲಿ ಇದ್ದ ಹಾಗೇ ಇದ್ದರೆ (ಗಿಟ್ ಭಾಷೆಯಲ್ಲಿ ಟ್ರೀಸೇಮ್), ಲಾಗ್ ಆ ಪೇರೆಂಟ್ ದಾರಿಯನ್ನು ಮಾತ್ರ ಹಿಡಿಯುತ್ತದೆ. ಇನ್ನೊಂದು ಕವಲಿನ ಕಡೆ ತಿರುಗಿಯೂ ನೋಡುವುದಿಲ್ಲ. ಮರ್ಜ್ ಕಮಿಟ್ಟನ್ನೂ ತೋರಿಸುವುದಿಲ್ಲ.

ನಿಮ್ಮ ಸಂದರ್ಭಕ್ಕೆ ಹೊಂದಿಸಿ ನೋಡಿ. ಕೆಳಗಿನಿಂದ ಮೇಲಕ್ಕೆ:

ಅ: ಎರಡೂ ಬ್ರಾಂಚ್ ಕವಲೊಡೆದ ಜಾಗ
ತಿ: ಮೇನ್‌ನಲ್ಲಿ ಆದ ತಿದ್ದುಪಡಿ
ಫ1: ಫೀಚರ್‌ನಲ್ಲಿ ಅದೇ ಫೈಲ್‌ನ ಅದೇ ಭಾಗದ ಬದಲಾವಣೆ
ಮ1: ಫೀಚರ್‌ನೊಳಗೆ ಮೇನ್ ಮರ್ಜ್ (ಪೇರೆಂಟ್ ಒಂದು ಫ1, ಪೇರೆಂಟ್ ಎರಡು ತಿ)
ಮ2: ಮೇನ್‌ನೊಳಗೆ ಫೀಚರ್ ಮರ್ಜ್ (ಪೇರೆಂಟ್ ಒಂದು ತಿ, ಪೇರೆಂಟ್ ಎರಡು ಮ1)

ಮ1ರಲ್ಲಿ ಕಾನ್‌ಫ್ಲಿಕ್ಟ್ (ಎರಡು ಕಡೆಯ ಬದಲಾವಣೆಗಳ ಘರ್ಷಣೆ) ಬಂದಿರಬೇಕು. ಬಿಡಿಸುವಾಗ ಗಿಟ್ ಚೆಕ್‌ಔಟ್ --ಅವರ್ಸ್ ಲೆಕ್ಕ.ಪೈ ಎಂದು ಇಡೀ ಫೈಲ್ ಅನ್ನು ಫೀಚರ್ ಕಡೆಯಿಂದಲೇ ಎತ್ತಿಕೊಂಡರೆ 'ತಿ' ಅಲ್ಲೇ ಬಿದ್ದುಹೋಗುತ್ತದೆ. ಈಗ ಮ1ರ ಫೈಲ್ = ಫ1ರ ಫೈಲ್. ಮುಂದೆ ಮ2 ಆಗುವಾಗ ಮರ್ಜ್ ಬೇಸ್ (ಎರಡು ಕವಲಿಗೂ ಸಾಮಾನ್ಯವಾದ ಕೊನೆಯ ಕಮಿಟ್) 'ಅ' ಅಲ್ಲ, 'ತಿ', ಏಕೆಂದರೆ 'ತಿ' ಆಗಲೇ ಫೀಚರ್‌ನೊಳಗೆ ಸೇರಿಬಿಟ್ಟಿದೆ. ಬೇಸ್‌ಗೆ ಹೋಲಿಸಿದರೆ ಮೇನ್‌ನಲ್ಲಿ ಆ ಸಾಲು ಬದಲಾಗಿಲ್ಲ, ಫೀಚರ್‌ನಲ್ಲಿ ಬದಲಾಗಿದೆ. ಹಾಗಾಗಿ ಗಿಟ್ ಫೀಚರ್‌ನದ್ದನ್ನೇ ತೆಗೆದುಕೊಳ್ಳುತ್ತದೆ, ಕಾನ್‌ಫ್ಲಿಕ್ಟ್ ಸದ್ದೂ ಇಲ್ಲ. ಮ2ರ ಫೈಲ್ = ಮ1ರ ಫೈಲ್ = ಫ1ರ ಫೈಲ್.

ಲಾಗ್ ಮ2ದಿಂದ ಹೊರಟು ಮ1, ಅಲ್ಲಿಂದ ಫ1, ಅಲ್ಲಿಂದ 'ಅ' ಎಂದು ನೆಟ್ಟಗೆ ಇಳಿದುಬಿಡುತ್ತದೆ. 'ತಿ' ಆ ದಾರಿಯಲ್ಲಿಲ್ಲ.

ಮೊದಲು ಇದನ್ನು ಓಡಿಸಿ:

ಗಿಟ್ ಲಾಗ್ --ಒನ್‌ಲೈನ್ --ಫುಲ್-ಹಿಸ್ಟರಿ -- ಲೆಕ್ಕ.ಪೈ

'ತಿ' ಬರಬೇಕು.

---

ಕವಲುಗಣ್ಣು

ಬಂತು! ಆದರೆ ಅದನ್ನು ಕೊಂದ ಮರ್ಜ್ ಯಾವುದು ಎಂದು ಮಾತ್ರ ತಿಳಿಯುತ್ತಿಲ್ಲ. ಮರ್ಜ್‌ಗಳ ರಾಶಿಯೇ ಬಂದಿದೆ.

---

ಬೇರುಬಿಳಲು

--ಫುಲ್-ಹಿಸ್ಟರಿ ಎಲ್ಲ ಕವಲಿಗೂ ಹೋಗುತ್ತದೆ, ಸರಿ. ಆದರೆ ಯಾವುದಾದರೂ ಒಬ್ಬ ಪೇರೆಂಟ್‌ಗಿಂತ ಫೈಲ್ ಬೇರೆಯಾಗಿರುವ ಮರ್ಜ್‌ಗಳನ್ನೆಲ್ಲ ಪಟ್ಟಿಗೆ ಸೇರಿಸುತ್ತದೆ. --ಗ್ರಾಫ್ ಅಥವಾ --ಪೇರೆಂಟ್ಸ್ ಸೇರಿಸಿದರೆ ಉಳಿದ ಮರ್ಜ್‌ಗಳೂ ಬರುತ್ತವೆ. ಹಾಗಾಗಿ ಈ ಫೈಲ್‌ಗೆ ಸಂಬಂಧವೇ ಇಲ್ಲದ ನೂರಾರು ಮರ್ಜ್‌ಗಳೂ ಹಿಂಡುಗಟ್ಟಿ ಬರುತ್ತವೆ. ದೊಡ್ಡ ರಿಪೊದಲ್ಲಿ (ಕೋಡ್ ಭಂಡಾರದಲ್ಲಿ) ಅದನ್ನು ಓದಲಾಗದು. ಉಪಯೋಗಕ್ಕೆ ಬರುವ ಜೋಡಿ ಇದು:

ಗಿಟ್ ಲಾಗ್ --ಗ್ರಾಫ್ --ಒನ್‌ಲೈನ್ --ಸಿಂಪ್ಲಿಫೈ-ಮರ್ಜಸ್ --ಶೋ-ಪುಲ್ಸ್ -- ಲೆಕ್ಕ.ಪೈ

--ಸಿಂಪ್ಲಿಫೈ-ಮರ್ಜಸ್ ಎಂದರೆ ಪೂರ್ತಿ ಇತಿಹಾಸವನ್ನೇ ತೆಗೆದುಕೊಂಡು, ಎರಡು ಕವಲಿನಲ್ಲೂ ಈ ಫೈಲ್ ಬದಲಾಗಿರುವ ಮರ್ಜ್‌ಗಳನ್ನು ಉಳಿಸಿ, ಉಳಿದವನ್ನು ಕಳೆ ಕೀಳುವುದು. ಮ1 ಇಲ್ಲಿ ಉಳಿಯುತ್ತದೆ. ಮ2ಕ್ಕೆ ಬಂದರೆ, ಅದರ ಮೊದಲ ಪೇರೆಂಟ್ ಆದ 'ತಿ', ಎರಡನೇ ಪೇರೆಂಟ್ ಆದ ಮ1ರ ಪೂರ್ವಜನೇ. ಹಾಗಾಗಿ ಆ ಗೆರೆ ಅನಗತ್ಯ ಎಂದು ಕಳಚಿ, ಮ2ವೇ ಬಿದ್ದುಹೋಗುತ್ತದೆ. ಅದನ್ನು ಹಿಡಿದು ನಿಲ್ಲಿಸುವುದೇ --ಶೋ-ಪುಲ್ಸ್: ಮೊದಲ ಪೇರೆಂಟ್‌ಗಿಂತ ಫೈಲ್ ಬೇರೆಯಾಗಿ, ಇನ್ನೊಬ್ಬ ಪೇರೆಂಟ್‌ನಂತೆಯೇ ಆಗಿರುವ ಮರ್ಜ್‌ಗಳನ್ನು ಅದು ತೋರಿಸುತ್ತದೆ. ಮೇನ್‌ನ ಮೇಲೆ ನಿಂತು ನೋಡುವವರಿಗೆ 'ನಮ್ಮ ಫೈಲ್ ಬದಲಾದದ್ದು ಯಾವ ಮರ್ಜ್‌ನಿಂದ' ಎಂಬುದು ಆಗ ಸಿಗುತ್ತದೆ. ಇದು ಗಿಟ್ 2.27ರಿಂದ ಇದೆ. ಅದಕ್ಕಿಂತ ಹಳೆಯದಾದರೆ ಮೊದಲು ಅಪ್‌ಡೇಟ್ ಮಾಡಿ.

ಮ1 ಸಿಕ್ಕ ಮೇಲೆ ಅಲ್ಲಿ ಏನಾಯಿತು ಎಂದು ನೋಡಲು:

ಗಿಟ್ ಶೋ --ರೀಮರ್ಜ್-ಡಿಫ್ ಮ1 -- ಲೆಕ್ಕ.ಪೈ

ಇದು 2.35ರಿಂದ ಇದೆ. ಗಿಟ್ ಅದೇ ಇಬ್ಬರು ಪೇರೆಂಟ್‌ಗಳನ್ನು ಈಗ ಹೊಸದಾಗಿ ಮರ್ಜ್ ಮಾಡಿ ನೋಡಿ, ತನಗೆ ಬಂದ ಫಲಿತಾಂಶಕ್ಕೂ ಅಂದು ಕಮಿಟ್ ಆದದ್ದಕ್ಕೂ ಇರುವ ವ್ಯತ್ಯಾಸವನ್ನು ತೋರಿಸುತ್ತದೆ. ಕಾನ್‌ಫ್ಲಿಕ್ಟ್ ಗುರುತುಗಳು ಮೈನಸ್ ಸಾಲುಗಳಾಗಿ ಕಾಣುತ್ತವೆ. ಅವುಗಳ ಮಧ್ಯೆ 'ತಿ'ಯ ಸಾಲೂ ಮೈನಸ್‌ನಲ್ಲಿದ್ದು, ಫ1ರ ಸಾಲು ಮಾತ್ರ ಗುರುತಿಲ್ಲದೆ ಉಳಿದಿದ್ದರೆ ಕೇಸ್ ಮುಗಿಯಿತು.

---

ಅರ್ಧವಿರಾಮ

ಇದಕ್ಕೆ ಸೇರಿಸಬೇಕಾದ ಒಂದು ಮಾತು. ಗಿಟ್ ಲಾಗ್ -ಪಿ ಮರ್ಜ್ ಕಮಿಟ್‌ಗೆ ಡಿಫ್ಫನ್ನೇ (ಮೊದಲಿಗೂ ನಂತರಕ್ಕೂ ಇರುವ ವ್ಯತ್ಯಾಸವನ್ನೇ) ತೋರಿಸುವುದಿಲ್ಲ. ಮರ್ಜ್‌ನೊಳಗೆ ಕೈಯಿಂದ ಸೇರಿಸಿದ ಬದಲಾವಣೆ (ಎರಡೂ ಬ್ರಾಂಚ್‌ನಲ್ಲಿ ಇಲ್ಲದ್ದು) ಇದ್ದರೆ ಅದು -ಪಿಯಲ್ಲಿ ಕಾಣದು. -ಎಸ್ (ದೊಡ್ಡಕ್ಷರ) ಹಾಕಿ ಪದ ಹುಡುಕಿದರೂ ಅಷ್ಟೇ, ಮರ್ಜ್ ಅನ್ನು ಹಾರಿಸಿ ಹೋಗುತ್ತದೆ. 'ಈ ಪದ ಯಾವ ಕಮಿಟ್‌ನಲ್ಲೂ ಹೋಗಿಲ್ಲ, ಆದರೂ ಇಲ್ಲ' ಎಂದು ತಲೆ ಕೆಡಿಸಿಕೊಳ್ಳುವುದು ಇಲ್ಲೇ.

ಗಿಟ್ ಲಾಗ್ -ಎಂ -ಪಿ --ಫುಲ್-ಹಿಸ್ಟರಿ -ಎಸ್'ರೌಂಡ್(' -- ಲೆಕ್ಕ.ಪೈ

ಇಲ್ಲಿ -ಎಂ ಚಿಕ್ಕಕ್ಷರ: ಪ್ರತಿ ಪೇರೆಂಟ್‌ಗೂ ಪ್ರತ್ಯೇಕ ಡಿಫ್. ದೊಡ್ಡಕ್ಷರದ -ಎಂ ರಿನೇಮ್ ಹುಡುಕುವುದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. -ಎಸ್ ನೋಡುವುದು ಆ ಪದ ಎಷ್ಟು ಸಲ ಇದೆ ಎಂಬ ಎಣಿಕೆ ಬದಲಾಯಿತೇ ಎಂದು. ಸಾಲನ್ನು ಅದೇ ಫೈಲ್‌ನಲ್ಲಿ ಮೇಲಿಂದ ಕೆಳಗೆ ಸರಿಸಿದರೆ ಎಣಿಕೆ ಬದಲಾಗದು, ಕಮಿಟ್ ಬರದು. ಅದೂ ಬೇಕೆಂದರೆ -ಜಿ (ಅದೂ ದೊಡ್ಡಕ್ಷರ).

---

ಹಳೇಎಸ್‌ವಿಎನ್

ಇಷ್ಟೆಲ್ಲ ಸರ್ಕಸ್ ಯಾಕೆ? ಸಬ್‌ವರ್ಷನ್‌ನಲ್ಲಿ (ಎಸ್‌ವಿಎನ್, ಗಿಟ್‌ನಂಥದ್ದೇ ಹಳೆಯ ತಂತ್ರಾಂಶ) 1.5ರಿಂದ, ಅಂದರೆ 2008ರಿಂದ, ಯಾವ ಬ್ರಾಂಚ್‌ನ ಯಾವ ರಿವಿಷನ್ ಮರ್ಜ್ ಆಯಿತು ಎಂಬುದನ್ನು ಎಸ್‌ವಿಎನ್:ಮರ್ಜ್‌ಇನ್ಫೋ ಎಂಬ ಪ್ರಾಪರ್ಟಿಯಲ್ಲಿ ಬರೆದಿಡುತ್ತಾರೆ. ಎಸ್‌ವಿಎನ್ ಲಾಗ್ -ಜಿ ಎಂದರೆ ಮರ್ಜ್ ಆಗಿ ಬಂದ ಮೂಲ ರಿವಿಷನ್‌ಗಳು ಕಾಣುತ್ತವೆ, ಸಾಲುಸಾಲಿಗೂ ಬರೆದವರನ್ನು ತೋರಿಸುವ ಎಸ್‌ವಿಎನ್ ಬ್ಲೇಮ್‌ಗೆ -ಜಿ ಹಾಕಿದರೆ ಮರ್ಜ್ ಮಾಡಿದವರ ಬದಲು ಸಾಲು ಬರೆದವರ ಹೆಸರು ಬರುತ್ತದೆ. ಫೈಲ್ ಹೆಸರು ಬದಲಿಸಿದರೆ 'ಇದು ಅದರ ನಕಲು' ಎಂದು ರಿಪೊದಲ್ಲೇ ದಾಖಲು. ಊಹೆಯ ಮಾತೇ ಇಲ್ಲ.

---

ಬೇರುಬಿಳಲು

ದಾಖಲು ಇರುತ್ತದೆ ನಿಜ, ದಾಖಲಿಸುವವರು ಸರಿಯಾಗಿ ದಾಖಲಿಸಿದ್ದರೆ. ಎಸ್‌ವಿಎನ್ ಮೂವ್ ಬಿಟ್ಟು ಫೈಲ್ ಮ್ಯಾನೇಜರ್‌ನಲ್ಲಿ ಹೆಸರು ಬದಲಿಸಿ, ಹಳೆಯದನ್ನು ಡಿಲೀಟ್ ಮಾಡಿ ಹೊಸದನ್ನು ಆಡ್ ಮಾಡಿದರೆ ಇತಿಹಾಸ ಅಲ್ಲಿಗೇ ಕಡಿದುಹೋಯಿತು, ಆಮೇಲೆ ಯಾವ ಆಪ್ಷನ್ನೂ ಕಾಪಾಡದು. ಮರ್ಜ್‌ಇನ್ಫೋವನ್ನು ಒಳಗಿನ ಒಂದು ಫೋಲ್ಡರ್ ಮೇಲೆ ಮಾತ್ರ ಮರ್ಜ್ ಮಾಡಿ ಕಲಸುಮೇಲೋಗರ ಮಾಡುವುದೂ ಸಾಮಾನ್ಯ. ಮರ್ಕ್ಯೂರಿಯಲ್ (ಎಚ್‌ಜಿ, ಇಂಥದ್ದೇ ಇನ್ನೊಂದು ತಂತ್ರಾಂಶ) ಕೂಡ ರಿನೇಮ್ ಅನ್ನು ಬರೆದಿಡುತ್ತದೆ. ಅಲ್ಲಿ ಕಮಿಟ್‌ಗೆ ಮೊದಲು ನೆನಪಾದರೆ ಎಚ್‌ಜಿ ಮೂವ್ --ಆಫ್ಟರ್ ಎಂದು ತಡವಾಗಿಯಾದರೂ ಹೇಳಬಹುದು.

ಗಿಟ್ ಬೇಕೆಂದೇ ಬೇರೆ ದಾರಿ ಹಿಡಿದಿದೆ. 2005ರಿಂದ ಇವತ್ತಿನವರೆಗೂ ಗಿಟ್ ಮೂವ್ (ಟೈಪ್ ಮಾಡುವುದು ಎಂವಿ) ಕಮಾಂಡ್ ಕೂಡ ರಿನೇಮ್ ಅನ್ನು ಎಲ್ಲೂ ಬರೆಯುವುದಿಲ್ಲ. ಹಳೆಯದನ್ನು ತೆಗೆದು ಹೊಸದನ್ನು ಸೇರಿಸುವುದಕ್ಕೂ ಅದಕ್ಕೂ ಫಲಿತಾಂಶದಲ್ಲಿ ವ್ಯತ್ಯಾಸವಿಲ್ಲ. ಕೇಳಿದಾಗ ಎರಡು ಫೈಲ್‌ಗಳ ಹೋಲಿಕೆ ಶೇ. 50 ದಾಟಿದರೆ ರಿನೇಮ್ ಎನ್ನುತ್ತದೆ. ಇದರ ಲಾಭ, ಮಾಡಿದವರು ತಪ್ಪಿದರೂ ನೋಡುವವರು ನಂತರ ಮಿತಿ ಇಳಿಸಿ ಹುಡುಕಬಹುದು. ನಷ್ಟ, ಆ ಊಹೆ ತಪ್ಪಿದ ದಿನ ಫೈಲ್‌ನ ಹಿಂದಿನದೆಲ್ಲ ಕಣ್ಣಿಗೆ ಬೀಳುವುದಿಲ್ಲ. ನನ್ನ ಮಟ್ಟಿಗೆ ಗಿಟ್‌ನ ದಾರಿಯೇ ಮೇಲು, ಆದರೆ ಅದಕ್ಕೆ ತಕ್ಕ ಶಿಸ್ತು ಬೇಕು.

---

ನಡುರಾತ್ರಿಬಿಲ್ಡ್

ಹಾಗಾದರೆ ರಿನೇಮ್ ಆದ ಫೈಲ್‌ಗೆ --ಫಾಲೋ ಹಾಕಿದರೆ ಸಾಕಲ್ಲವೇ? ಎಲ್ಲ ಕಡೆ ಅದನ್ನೇ ಹೇಳುತ್ತಾರೆ.

---

ಅರ್ಧವಿರಾಮ

ಸಾಲದು. ನೇರ ಇತಿಹಾಸಕ್ಕೆ ಸರಿ, ಮರ್ಜ್ ಇದ್ದ ಕಡೆ ಕೈಕೊಡುತ್ತದೆ. ನೇರವಲ್ಲದ ಇತಿಹಾಸದಲ್ಲಿ ಸರಿಯಾಗಿ ನಡೆಯದು ಎಂದು ಗಿಟ್‌ನ ಕೈಪಿಡಿಯಲ್ಲೇ ಬರೆದಿದ್ದಾರೆ.

---

ಬೇರುಬಿಳಲು

ಯಾಕೆ ಕೈಕೊಡುತ್ತದೆ ಎಂದು ಹತ್ತಿರದಿಂದ ನೋಡಿದರೆ ಮರೆಯುವುದಿಲ್ಲ.

--ಫಾಲೋ ಹಾಕಿದಾಗ ಲಾಗ್ ತಲೆಯಲ್ಲಿ ಒಂದೇ ಒಂದು ಹೆಸರು ಇಟ್ಟುಕೊಂಡಿರುತ್ತದೆ. ಕವಲಿಗೊಂದು ಹೆಸರಲ್ಲ, ಇಡೀ ನಡಿಗೆಗೆ ಒಂದು. ಕಮಿಟ್ಟುಗಳನ್ನು ಹೊಸದರಿಂದ ಹಳೆಯದಕ್ಕೆ ತಾರೀಖಿನ ಮೇಲೆ ನೋಡುತ್ತ ಬರುತ್ತದೆ. ಆ ಹೆಸರಿನ ಫೈಲ್ ಹುಟ್ಟಿದ ಕಮಿಟ್ ಸಿಕ್ಕಾಗ, ಅದಕ್ಕೆ ಹಿಂದಿನ ಕಮಿಟ್‌ನಲ್ಲಿದ್ದ ಯಾವುದಾದರೂ ಫೈಲ್ ಇದನ್ನು ಹೋಲುತ್ತದೆಯೇ ಎಂದು ನೋಡಿ, ಹೌದಾದರೆ ಹೆಸರನ್ನು ಬದಲಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಎಲ್ಲ ಕವಲಿಗೂ ಆ ಹಳೆಯ ಹೆಸರೇ.

ಉದಾಹರಣೆಗೆ, 5ನೇ ತಾರೀಖು ಸೈಡ್ ಬ್ರಾಂಚ್‌ನಲ್ಲಿ ಲೆಕ್ಕ.ಪೈ ಅನ್ನು ಬಿಲ್.ಪೈ ಎಂದು ಬದಲಿಸಿದರು. 8ನೇ ತಾರೀಖು ಮೇನ್‌ನಲ್ಲಿ ಇನ್ನೂ ಲೆಕ್ಕ.ಪೈ ಎಂದೇ ಇದ್ದ ಫೈಲ್‌ನಲ್ಲಿ ಒಂದು ಬಗ್ ಸರಿಪಡಿಸಿದರು. 10ನೇ ತಾರೀಖು ಮರ್ಜ್. ಗಿಟ್ ರಿನೇಮ್ ಪತ್ತೆಹಚ್ಚಿ ಆ ಬಗ್ ತಿದ್ದುಪಡಿಯನ್ನು ಬಿಲ್.ಪೈ ಒಳಗೆ ಸರಿಯಾಗಿ ಸೇರಿಸಿತು. ಎಲ್ಲ ಚೆನ್ನಾಗಿದೆ.

ಈಗ ಗಿಟ್ ಲಾಗ್ --ಫಾಲೋ -- ಬಿಲ್.ಪೈ. ಕೈಯಲ್ಲಿರುವ ಹೆಸರು ಬಿಲ್.ಪೈ. 10ರ ಮರ್ಜ್ ದಾಟಿತು. 8ರ ಕಮಿಟ್ ಬಂತು, ಅದರಲ್ಲಿ ಬದಲಾದದ್ದು ಲೆಕ್ಕ.ಪೈ, ಬಿಲ್.ಪೈ ಎಂಬುದು ಆ ಕವಲಿನಲ್ಲಿ ಇಲ್ಲವೇ ಇಲ್ಲ. ಬಿಟ್ಟಿತು. 5ರ ಕಮಿಟ್ ಬಂತು, ಬಿಲ್.ಪೈ ಹುಟ್ಟಿದ್ದು ಇಲ್ಲಿ, ಹೆಸರು ಬದಲಿಸಿಕೊಂಡಿತು. 5ಕ್ಕಿಂತ ಹಿಂದಿನವೆಲ್ಲ ಸಿಕ್ಕವು, 8ರ ಬಗ್ ತಿದ್ದುಪಡಿ ಶಾಶ್ವತವಾಗಿ ತಪ್ಪಿತು. ಅದೇ ಬಗ್ ತಿದ್ದುಪಡಿ 4ನೇ ತಾರೀಖಿನದಾಗಿದ್ದರೆ ಸಿಗುತ್ತಿತ್ತು. ಬ್ರಾಂಚ್ ರಚನೆ ಅದೇ, ತಾರೀಖು ಬೇರೆ, ಉತ್ತರ ಬೇರೆ. ಇಂಥ ಆಪ್ಷನ್ ಮೇಲೆ ಆಡಿಟ್ ಮಾಡಬಾರದು.

ನಂಬಬಹುದಾದ ಕ್ರಮ ಎರಡು ಹೆಜ್ಜೆಯದು. --ಫಾಲೋ --ನೇಮ್-ಸ್ಟೇಟಸ್ ಹಾಕಿ ಆರ್ ಅಕ್ಷರದಿಂದ ಶುರುವಾಗುವ ಸಾಲುಗಳನ್ನು ನೋಡಿ. ಆರ್087 ಎಂದರೆ ಶೇ. 87 ಹೋಲಿಕೆಯ ರಿನೇಮ್, ಮುಂದೆ ಹಳೆ ಹೆಸರು, ಹೊಸ ಹೆಸರು. ಹಳೆಯ ಹೆಸರುಗಳನ್ನೆಲ್ಲ ಆರಿಸಿಕೊಂಡ ಮೇಲೆ --ಫಾಲೋ ಬಿಟ್ಟು, ಎಲ್ಲ ಹೆಸರನ್ನೂ ಒಟ್ಟಿಗೆ ಕೊಡಿ:

ಗಿಟ್ ಲಾಗ್ --ಫುಲ್-ಹಿಸ್ಟರಿ --ಸಿಂಪ್ಲಿಫೈ-ಮರ್ಜಸ್ --ಗ್ರಾಫ್ -- ಬಿಲ್.ಪೈ ಲೆಕ್ಕ.ಪೈ

ಹೆಸರಿನ ಮುಂಚೆ ಆ ಒಂಟಿ ಎರಡು ಡ್ಯಾಶ್ ಬಿಡಬೇಡಿ. ಲೆಕ್ಕ.ಪೈ ಈಗ ಡಿಸ್ಕ್‌ನಲ್ಲಿ ಇಲ್ಲ, ಡ್ಯಾಶ್ ಇಲ್ಲದಿದ್ದರೆ ಅದು ಬ್ರಾಂಚ್ ಹೆಸರೋ ಫೈಲ್ ಹೆಸರೋ ತಿಳಿಯದೆ ಗಿಟ್ ಎರರ್ ಕೊಡುತ್ತದೆ.

---

ನಡುರಾತ್ರಿಬಿಲ್ಡ್

ಅರ್ಥವಾಯಿತು. ಬ್ಲೇಮ್‌ಗೂ ಇದೇ ಗತಿಯೇ?

---

ಬೇರುಬಿಳಲು

ಇಲ್ಲ, ಬ್ಲೇಮ್ ಇದಕ್ಕಿಂತ ಜಾಣ. ಅದು ಪ್ರತಿ ಪೇರೆಂಟ್ ಬಳಿಯೂ ಬೇರೆಬೇರೆಯಾಗಿ ವಿಚಾರಿಸುತ್ತದೆ, ಹೆಸರು ಬೇರೆಯಿದ್ದರೆ ಆ ಕವಲಿಗೆ ಮಾತ್ರ ಆ ಹೆಸರು ಹಿಡಿಯುತ್ತದೆ. ಮೇಲಿನ ಉದಾಹರಣೆಯಲ್ಲಿ ಬ್ಲೇಮ್ ಬಿಲ್.ಪೈ ಎಂದರೆ 8ನೇ ತಾರೀಖಿನ ಕಮಿಟ್ ಸರಿಯಾಗಿ ಬರುತ್ತದೆ. ಯಾವ ಪೇರೆಂಟ್‌ನಲ್ಲೂ ಇಲ್ಲದ ಸಾಲು ಮಾತ್ರ ಮರ್ಜ್ ಕಮಿಟ್‌ನ ಹೆಸರಿಗೇ ಉಳಿಯುತ್ತದೆ. ಹಾಗಾಗಿ ಬ್ಲೇಮ್‌ನಲ್ಲಿ ಮರ್ಜ್ ಕಮಿಟ್‌ನ ಹ್ಯಾಶ್ (ಗುರುತಿನ ಸಂಖ್ಯೆ) ಕಂಡರೆ ಅಲ್ಲಿ ಕೈಯಿಂದ ತಿದ್ದಿದ್ದಾರೆ ಎಂದೇ ಅರ್ಥ. ರಿವ್ಯೂ ಆಗದೆ ಒಳಗೆ ನುಸುಳಿದ ಕೋಡ್ ಹುಡುಕಲು ಇದು ಒಳ್ಳೆಯ ಉಪಾಯ.

ಬ್ಲೇಮ್‌ನ ಮಿತಿ ಬೇರೆ: ಇರುವ ಸಾಲುಗಳ ಬಗ್ಗೆ ಮಾತ್ರ ಹೇಳುತ್ತದೆ. ಹೋದ ಸಾಲಿಗೆ ಗಿಟ್ ಬ್ಲೇಮ್ --ರಿವರ್ಸ್ ತಿ..ಮೇನ್ -- ಲೆಕ್ಕ.ಪೈ ಎಂದು ಕೇಳಿದರೆ, 'ತಿ'ಯಲ್ಲಿದ್ದ ಪ್ರತಿ ಸಾಲೂ ಕೊನೆಯದಾಗಿ ಯಾವ ಕಮಿಟ್‌ವರೆಗೆ ಬದುಕಿತ್ತು ಎಂಬುದು ಬರುತ್ತದೆ.

---

ಅರ್ಧವಿರಾಮ

ಬ್ಲೇಮ್ ಬಗ್ಗೆ ಇನ್ನಷ್ಟು ಚಿಲ್ಲರೆ. -ಡಬ್ಲ್ಯು ಖಾಲಿಜಾಗದ ಬದಲಾವಣೆ ಬಿಡುತ್ತದೆ. -ಎಂ (ದೊಡ್ಡದು) ಅದೇ ಫೈಲ್‌ನಲ್ಲಿ ಸರಿದ ಸಾಲು, -ಸಿ (ದೊಡ್ಡದು) ಅದೇ ಕಮಿಟ್‌ನಲ್ಲಿ ಬದಲಾದ ಬೇರೆ ಫೈಲ್‌ನಿಂದ ಬಂದ ಸಾಲು. ಮೂರು ಸಲ -ಸಿ ಹಾಕಿದರೆ ಯಾವ ಕಮಿಟ್‌ನ ಯಾವ ಫೈಲ್‌ನಿಂದಾದರೂ ಹುಡುಕುತ್ತದೆ, ಆದರೆ ನಿಧಾನ. ತುಂಬ ಚಿಕ್ಕ ತುಣುಕು ಲೆಕ್ಕಕ್ಕಿಲ್ಲ: ಡೀಫಾಲ್ಟ್ ಆಗಿ -ಎಂಗೆ 20, -ಸಿಗೆ 40 ಅಕ್ಷರ-ಅಂಕಿಗಳಾದರೂ ಇರಬೇಕು.

ಇಡೀ ರಿಪೊವನ್ನು ಫಾರ್ಮ್ಯಾಟರ್ ಓಡಿಸಿದ ಕಮಿಟ್ ಇದ್ದರೆ ಅದರ ಪೂರ್ತಿ ಹ್ಯಾಶ್ ಅನ್ನು ಒಂದು ಫೈಲ್‌ನಲ್ಲಿ ಸಾಲಿಗೊಂದರಂತೆ ಬರೆದು, ಕಾನ್ಫಿಗ್‌ನಲ್ಲಿ ಬ್ಲೇಮ್.ಇಗ್ನೋರ್‌ರೆವ್ಸ್‌ಫೈಲ್ ಎಂದು ಕೊಡಿ (2.23ರಿಂದ). ಇಲ್ಲಿ ಎಲ್ಲರೂ ಮಾಡುವ ತಪ್ಪು: ಬ್ರಾಂಚ್‌ನಲ್ಲಿರುವಾಗಲೇ ಹ್ಯಾಶ್ ಬರೆದು, ಆಮೇಲೆ ಅದೇ ಬ್ರಾಂಚ್ ಅನ್ನು ಸ್ಕ್ವಾಶ್ (ಎಲ್ಲ ಕಮಿಟ್‌ಗಳನ್ನು ಒಂದಾಗಿಸುವುದು) ಅಥವಾ ರೀಬೇಸ್ (ಕಮಿಟ್‌ಗಳನ್ನು ಬೇರೆ ಬುಡದ ಮೇಲೆ ಹೊಸದಾಗಿ ಕೂರಿಸುವುದು) ಮಾಡಿ ಸೇರಿಸುವುದು. ಮೇನ್‌ಗೆ ಬಂದ ಕಮಿಟ್‌ನ ಹ್ಯಾಶ್ ಬೇರೆಯೇ, ಪಟ್ಟಿಯಲ್ಲಿರುವುದು ಯಾರಿಗೂ ಬೇಡದ ಹ್ಯಾಶ್. ಮೇನ್‌ಗೆ ಸೇರಿದ ಮೇಲೆ ಇನ್ನೊಂದು ಕಮಿಟ್‌ನಲ್ಲಿ ಬರೆಯಿರಿ.

---

ಹಳೇಎಸ್‌ವಿಎನ್

ಶಿಸ್ತು ಅಂದಿರಲ್ಲ, ರಿನೇಮ್ ಮಾತ್ರ ಒಂದು ಕಮಿಟ್, ಒಳಗಿನ ಬದಲಾವಣೆ ಇನ್ನೊಂದು ಕಮಿಟ್ ಎಂಬುದೇ ತಾನೇ? ಅದನ್ನು ಪಾಲಿಸಿದರೂ ಮರ್ಜ್‌ನಲ್ಲಿ 'ಒಂದು ಕಡೆ ಬದಲಾಗಿದೆ, ಇನ್ನೊಂದು ಕಡೆ ಡಿಲೀಟ್ ಆಗಿದೆ' ಎಂದು ಕಾನ್‌ಫ್ಲಿಕ್ಟ್ ಬರುತ್ತದೆ. ಶೇ. 100 ಹೋಲಿಕೆಯ ರಿನೇಮ್ ಕಮಿಟ್ ಕಣ್ಣೆದುರೇ ಇರುತ್ತದೆ. ಇದಕ್ಕೇನು ಹೇಳುತ್ತೀರಿ?

---

ಬೇರುಬಿಳಲು

ಒಳ್ಳೆಯ ಪ್ರಶ್ನೆ, ಬಹಳ ಜನ ಎಡವುವ ಜಾಗ. ಆ ಶಿಸ್ತು ಲಾಗ್‌ಗೂ ಬ್ಲೇಮ್‌ಗೂ ನೆರವಾಗುತ್ತದೆ, ಏಕೆಂದರೆ ಅವು ಕಮಿಟ್ ಕಮಿಟ್ಟಾಗಿ ನಡೆಯುತ್ತವೆ. ಮರ್ಜ್ ಹಾಗೆ ನಡೆಯುವುದಿಲ್ಲ. ಅದು ನೋಡುವುದು ಮೂರೇ ಚಿತ್ರ: ಮರ್ಜ್ ಬೇಸ್, ಈ ಕಡೆಯ ತುದಿ, ಆ ಕಡೆಯ ತುದಿ. ಮಧ್ಯದಲ್ಲಿ ನೀವು ಎಷ್ಟು ಅಚ್ಚುಕಟ್ಟಾಗಿ ಹೆಜ್ಜೆ ಇಟ್ಟಿದ್ದೀರಿ ಎಂಬುದು ಅದಕ್ಕೆ ಬೇಕಿಲ್ಲ. ರಿನೇಮ್ ಮಾಡಿ, ಮುಂದಿನ ಐದು ಕಮಿಟ್‌ನಲ್ಲಿ ಫೈಲ್‌ನ ಮುಕ್ಕಾಲು ಭಾಗ ಹೊಸದಾಗಿ ಬರೆದರೆ, ಬೇಸ್‌ನ ಲೆಕ್ಕ.ಪೈಗೂ ತುದಿಯ ಬಿಲ್.ಪೈಗೂ ಹೋಲಿಕೆ ಶೇ. 25ಕ್ಕೆ ಇಳಿದಿರುತ್ತದೆ. ಮರ್ಜ್ ಕಣ್ಣಿಗೆ ಅದು ಒಂದು ಡಿಲೀಟ್, ಒಂದು ಹೊಸ ಫೈಲ್.

ಇದಕ್ಕೆ ಎರಡು ಪರಿಹಾರ. ಹಗುರವಾದದ್ದು ಮಿತಿ ಇಳಿಸುವುದು:

ಗಿಟ್ ಮರ್ಜ್ -ಎಕ್ಸ್ ಫೈಂಡ್-ರಿನೇಮ್ಸ್=20 ಸೈಡ್

(-ಎಕ್ಸ್ ದೊಡ್ಡಕ್ಷರ.) ತುಂಬ ಇಳಿಸಿದರೆ ಸಂಬಂಧವಿಲ್ಲದ ಫೈಲ್‌ಗಳನ್ನು ಜೋಡಿ ಮಾಡುತ್ತದೆ, ತಲೆಯಲ್ಲಿ ಒಂದೇ ಲೈಸೆನ್ಸ್ ಬರಹ ಇರುವ ಸಣ್ಣ ಸಣ್ಣ ಫೈಲ್‌ಗಳಲ್ಲಿ ಇದು ಬೇಗ ಆಗುತ್ತದೆ. ಗಟ್ಟಿಯಾದ ಪರಿಹಾರ ಎರಡು ಕಂತಿನ ಮರ್ಜ್: ಮೊದಲು ಸೈಡ್ ಬ್ರಾಂಚ್‌ನ ರಿನೇಮ್ ಕಮಿಟ್‌ವರೆಗೆ ಮಾತ್ರ ಮರ್ಜ್ ಮಾಡಿ (ಗಿಟ್ ಮರ್ಜ್ ಆ-ಹ್ಯಾಶ್), ಆಮೇಲೆ ತುದಿಯನ್ನು ಮರ್ಜ್ ಮಾಡಿ. ಮೊದಲ ಕಂತಿನಲ್ಲಿ ಎರಡು ಕಡೆಯೂ ಹೆಸರು ಒಂದಾಗುತ್ತದೆ. ಎರಡನೇ ಕಂತಿಗೆ ಬೇಸ್ ಆ ರಿನೇಮ್ ಕಮಿಟ್ಟೇ ಆಗುವುದರಿಂದ ಹೋಲಿಕೆಯ ಪ್ರಶ್ನೆಯೇ ಬರದು. ಶಿಸ್ತಿಗೆ ಬೆಲೆ ಸಿಗುವುದು ಇಲ್ಲಿ. ರಿನೇಮ್ ಪ್ರತ್ಯೇಕ ಕಮಿಟ್ ಆಗಿಲ್ಲದಿದ್ದರೆ ಈ ಕಂತಿನ ದಾರಿ ಇರುತ್ತಲೇ ಇರಲಿಲ್ಲ.

ಸ್ಕ್ವಾಶ್ ಮರ್ಜ್ ಮಾಡಿದರೆ ರಿನೇಮ್, ಬರವಣಿಗೆ ಎರಡೂ ಒಂದೇ ಕಮಿಟ್‌ಗೆ ಕುಸಿದು, ಲಾಗ್‌ಗೂ ಬ್ಲೇಮ್‌ಗೂ ಎಳ್ಳುನೀರು. ರಿನೇಮ್ ಇರುವ ಬ್ರಾಂಚ್ ಅನ್ನು ಸ್ಕ್ವಾಶ್ ಮಾಡಲೇಬೇಕೆಂಬ ನಿಯಮವಿದ್ದರೆ, ರಿನೇಮ್ ಒಂದನ್ನೇ ಬೇರೆ ಬ್ರಾಂಚ್ ಮಾಡಿ ಮೊದಲು ಸೇರಿಸಿಬಿಡಿ.

ದೊಡ್ಡ ಪ್ರಮಾಣದ ಸ್ಥಳಾಂತರವಾದರೆ ಇನ್ನೊಂದು ಮಿತಿ ಗಮನಿಸಿ. ಹೋಲಿಕೆ ಲೆಕ್ಕ ಹಾಕುವ ಫೈಲ್‌ಗಳ ಸಂಖ್ಯೆಗೆ ಗಡಿ ಇದೆ: ಡೀಫಾಲ್ಟ್ ಆಗಿ ಡಿಫ್.ರಿನೇಮ್‌ಲಿಮಿಟ್ 1000, ಮರ್ಜ್.ರಿನೇಮ್‌ಲಿಮಿಟ್ 7000. 2.34ಕ್ಕಿಂತ ಹಳೆಯ ಗಿಟ್‌ನಲ್ಲಿ ಕ್ರಮವಾಗಿ 400, 1000. ಗಡಿ ದಾಟಿದರೆ ಹೋಲಿಕೆ ನೋಡುವುದನ್ನೇ ಬಿಟ್ಟು ಒಂದು ಎಚ್ಚರಿಕೆ ಸಾಲು ಮುದ್ರಿಸುತ್ತದೆ, ಅದನ್ನು ಯಾರೂ ಓದುವುದಿಲ್ಲ. ಒಳಗೆ ಒಂದಕ್ಷರವೂ ಬದಲಾಗದ ರಿನೇಮ್‌ಗಳು ಈ ಎಣಿಕೆಗೆ ಬರುವುದಿಲ್ಲ. ಬರೀ ಸರಿಸುವ ಕಮಿಟ್ ಬೇರೆ ಇಡಬೇಕು ಎನ್ನಲು ಇದೂ ಒಂದು ಕಾರಣ.

---

ಕವಲುಗಣ್ಣು

ಇದರ ಮುಂದುವರಿದ ಪ್ರಶ್ನೆ. ಒಂದು ದೊಡ್ಡ ಫೈಲ್ ಅನ್ನು ಎರಡಾಗಿ ಒಡೆಯಬೇಕು, ಎರಡರಲ್ಲೂ ಬ್ಲೇಮ್ ಹಳೆಯ ಕಮಿಟ್‌ಗಳವರೆಗೆ ಹೋಗಬೇಕು. ಸುಮ್ಮನೆ ನಕಲು ಮಾಡಿದರೆ ಹೊಸ ಫೈಲ್‌ನ ಎಲ್ಲ ಸಾಲೂ ಒಡೆದವರ ಹೆಸರಿಗೇ ಬೀಳುತ್ತದೆ. ನೋಡುವವರೆಲ್ಲ -ಸಿ ಹಾಕುತ್ತಾರೆಂದು ನಂಬಲಾಗದು.

---

ಅರ್ಧವಿರಾಮ

ಮರ್ಜ್ ಅನ್ನೇ ಉಪಯೋಗಿಸಿ. ಬ್ಲೇಮ್ ಪ್ರತಿ ಪೇರೆಂಟ್‌ಗೂ ಬೇರೆಬೇರೆ ರಿನೇಮ್ ಹಿಡಿಯುತ್ತದೆ ಎಂದರಲ್ಲ, ಆ ಗುಣದ ಮೇಲೆಯೇ ನಿಂತ ತಂತ್ರ ಇದು. ವರ್ಕಿಂಗ್ ಟ್ರೀ ಶುಚಿಯಾಗಿರಲಿ, ಕಮಿಟ್ ಆಗದ ಯಾವುದೂ ಇರಬಾರದು (ಮೂರನೇ ಸಾಲಿನ ರೀಸೆಟ್ ಅದನ್ನೂ ನುಂಗುತ್ತದೆ).

ಗಿಟ್ ಮೂವ್ ಲೆಕ್ಕ.ಪೈ ವರದಿ.ಪೈ, ಕಮಿಟ್
ಗಿಟ್ ಟ್ಯಾಗ್ ಒಡೆದದ್ದು
ಗಿಟ್ ರೀಸೆಟ್ --ಹಾರ್ಡ್ ಹೆಡ್~1
ಗಿಟ್ ಮೂವ್ ಲೆಕ್ಕ.ಪೈ ತಾತ್ಕಾಲಿಕ.ಪೈ, ಕಮಿಟ್
ಗಿಟ್ ಮರ್ಜ್ ಒಡೆದದ್ದು

ಕಾನ್‌ಫ್ಲಿಕ್ಟ್ ಬರುತ್ತದೆ, ಬರಲೇಬೇಕು: ಒಂದೇ ಫೈಲ್‌ಗೆ ಎರಡು ಕಡೆ ಎರಡು ಹೆಸರು. ಎರಡು ಫೈಲೂ ಡಿಸ್ಕ್‌ನಲ್ಲಿ ಇವೆಯೇ ನೋಡಿ, ಇದ್ದರೆ ಗಿಟ್ ಕಮಿಟ್ -ಎ. ನಂತರ ತಾತ್ಕಾಲಿಕ.ಪೈ ಅನ್ನು ಮತ್ತೆ ಲೆಕ್ಕ.ಪೈ ಎಂದು ಮೂವ್ ಮಾಡಿ ಕಮಿಟ್. ಟ್ಯಾಗ್ ಅಳಿಸಿ. ಈಗ ಎರಡೂ ಫೈಲ್ ಒಂದೇ ರೀತಿ ಇವೆ, ಎರಡರ ಬ್ಲೇಮೂ ಹಳೆಯ ಕಮಿಟ್‌ಗಳನ್ನೇ ತೋರಿಸುತ್ತದೆ. ಬೇಡದ ಭಾಗಗಳನ್ನು ಎರಡರಿಂದಲೂ ತೆಗೆಯುವುದು ಮುಂದಿನ ಕಮಿಟ್.

ಇದನ್ನು ಸ್ಕ್ವಾಶ್ ಮಾಡಿದರೂ ರೀಬೇಸ್ ಮಾಡಿದರೂ ನೀರಿನಲ್ಲಿ ಹೋಮ. ಮರ್ಜ್ ಕಮಿಟ್‌ನ ಇಬ್ಬರು ಪೇರೆಂಟ್‌ಗಳೇ ಇಲ್ಲಿ ಜೀವ. ಮಧ್ಯದ ಕಮಿಟ್‌ಗಳಲ್ಲಿ ಬಿಲ್ಡ್ ಮುರಿದಿರುತ್ತದೆ, ಬೈಸೆಕ್ಟ್ ಮಾಡುವವರು (ಬಗ್ ತಂದ ಕಮಿಟ್ಟನ್ನು ಅರ್ಧರ್ಧ ಮಾಡುತ್ತ ಹುಡುಕುವವರು) ಅಲ್ಲಿ ಗಿಟ್ ಬೈಸೆಕ್ಟ್ ಸ್ಕಿಪ್ ಎನ್ನಬೇಕು.

---

ನಡುರಾತ್ರಿಬಿಲ್ಡ್

ಬಿಲ್ಡ್ ಸರ್ವರ್ ಕಡೆಯಿಂದ ಒಂದು ಎಚ್ಚರಿಕೆ. ಅಲ್ಲಿ ಸಾಮಾನ್ಯವಾಗಿ --ಡೆಪ್ತ್ 1 ಹಾಕಿ (ಕೊನೆಯ ಕಮಿಟ್ ಮಾತ್ರ ಬರುವಂತೆ) ಕ್ಲೋನ್ ಮಾಡಿರುತ್ತಾರೆ. ಅಂಥ ಕ್ಲೋನ್‌ನಲ್ಲಿ ಲಾಗ್ ಒಂದೇ ಕಮಿಟ್ ತೋರಿಸುತ್ತದೆ, ಬ್ಲೇಮ್‌ನಲ್ಲಿ ಎಲ್ಲ ಸಾಲೂ ^ ಚಿಹ್ನೆಯ ಒಂದೇ ಹ್ಯಾಶ್‌ಗೆ ಅಂಟಿಕೊಂಡಿರುತ್ತದೆ. ಎರರ್ ಬರುವುದಿಲ್ಲ, ತಪ್ಪು ಉತ್ತರ ಬರುತ್ತದೆ. ಫೈಲ್ ಇತಿಹಾಸದಿಂದ ಚೇಂಜ್‌ಲಾಗ್ ತಯಾರಿಸುವ ಸ್ಕ್ರಿಪ್ಟ್ ಇದ್ದರೆ ಮೊದಲು ಗಿಟ್ ಫೆಚ್ --ಅನ್‌ಶ್ಯಾಲೋ.

ಕಮಿಟ್‌ಗಳು ಲಕ್ಷಗಟ್ಟಲೆ ಇರುವ ಕಡೆ --ಫುಲ್-ಹಿಸ್ಟರಿ ನಿಧಾನ. ಗಿಟ್ ಕಮಿಟ್-ಗ್ರಾಫ್ ರೈಟ್ --ರೀಚಬಲ್ --ಚೇಂಜ್ಡ್-ಪಾತ್ಸ್ ಒಮ್ಮೆ ಓಡಿಸಿದರೆ ಪ್ರತಿ ಕಮಿಟ್‌ನಲ್ಲಿ ಯಾವ ಫೈಲ್ ಬದಲಾಗಿರಬಹುದು ಎಂಬ ಸಣ್ಣ ಸೂಚಿ ತಯಾರಾಗುತ್ತದೆ, ಹೆಸರು ಕೊಟ್ಟ ಲಾಗ್ ಕಣ್ಣಿಗೆ ಕಾಣುವಷ್ಟು ಚುರುಕಾಗುತ್ತದೆ.

---

ಕವಲುಗಣ್ಣು

--ಸಿಂಪ್ಲಿಫೈ-ಮರ್ಜಸ್ --ಶೋ-ಪುಲ್ಸ್ ಓಡಿಸಿದೆ. ಮ1, ಮ2 ಎರಡೂ ಬಂದವು. ಮ1ರ ರೀಮರ್ಜ್-ಡಿಫ್‌ನಲ್ಲಿ ಮೇನ್ ಕಡೆಯ ತುಂಡು ಪೂರ್ತಿ ಮೈನಸ್. ಬೇರುಬಿಳಲು ಹೇಳಿದಂತೆಯೇ, ಇಡೀ ಫೈಲ್ ಅನ್ನು ಅವರ್ಸ್ ಎಂದು ಎತ್ತಿಕೊಂಡಿದ್ದಾರೆ.

ಸರಿಪಡಿಸಲು 'ತಿ' ಇದ್ದ ಬ್ರಾಂಚ್ ಅನ್ನು ಮತ್ತೆ ಮರ್ಜ್ ಮಾಡಹೋದರೆ 'ಆಲ್‌ರೆಡಿ ಅಪ್ ಟು ಡೇಟ್' ಎನ್ನುತ್ತಿದೆ.

---

ಬೇರುಬಿಳಲು

ಅನ್ನಲೇಬೇಕು, 'ತಿ' ಮೇನ್‌ನ ಪೂರ್ವಜ. ಗಿಟ್ ದೃಷ್ಟಿಯಲ್ಲಿ ಅದು ಬಂದಾಗಿದೆ, ಆಮೇಲೆ ನೀವೇ ಬೇಡವೆಂದಿದ್ದೀರಿ. ಗಿಟ್ ಚೆರಿ-ಪಿಕ್ -ಎಕ್ಸ್ ತಿ ಮಾಡಿ (ಆ ಒಂದು ಕಮಿಟ್‌ನ ಬದಲಾವಣೆಯನ್ನು ಮತ್ತೆ ಹಚ್ಚುವುದು; ಈ -ಎಕ್ಸ್ ಚಿಕ್ಕಕ್ಷರ, ಮೂಲ ಹ್ಯಾಶ್ ಮೆಸೇಜ್‌ನಲ್ಲಿ ಉಳಿಯಲಿ). ಫ1 ಅದೇ ಭಾಗವನ್ನು ಮುಟ್ಟಿರುವುದರಿಂದ ಅಂದಿನ ಕಾನ್‌ಫ್ಲಿಕ್ಟೇ ಮತ್ತೆ ಬರುತ್ತದೆ. ಈ ಸಲ ಎರಡು ಕಡೆಯದ್ದನ್ನೂ ಓದಿ ಬಿಡಿಸಿ. ಮ2ವನ್ನು ರಿವರ್ಟ್ ಮಾಡುವ ಯೋಚನೆ ಇದ್ದರೆ ಬಿಡಿ: ಗಿಟ್ ರಿವರ್ಟ್ -ಎಂ 1 ಮ2 ಮಾಡಿದರೆ ಫೀಚರ್ ಪೂರ್ತಿ ಹೋಗುತ್ತದೆ, ಆಮೇಲೆ ಫೀಚರ್ ಅನ್ನು ಮತ್ತೆ ಮರ್ಜ್ ಮಾಡಿದರೂ ಬರುವುದಿಲ್ಲ, ರಿವರ್ಟನ್ನೇ ರಿವರ್ಟ್ ಮಾಡಬೇಕಾಗುತ್ತದೆ.

ಇನ್ನೊಂದು ಕೆಲಸ ಬಾಕಿ ಇದೆ. ಮ1ರಲ್ಲಿ ಒಂದೇ ಫೈಲ್‌ಗೆ ಹೀಗಾಗಿದೆ ಎಂದು ನಂಬಬೇಡಿ. ಫೈಲ್ ಹೆಸರು ಕೊಡದೆ ಗಿಟ್ ಶೋ --ರೀಮರ್ಜ್-ಡಿಫ್ --ಸ್ಟ್ಯಾಟ್ ಮ1 ಹೊಡೆಯಿರಿ, ಕೈಯಿಂದ ಬಿಡಿಸಿದ ಎಲ್ಲ ಫೈಲ್‌ಗಳ ಪಟ್ಟಿ ಬರುತ್ತದೆ.

---

ಕವಲುಗಣ್ಣು

ಏಳು ಫೈಲ್ ಬಂದವು. ನಾಲ್ಕರಲ್ಲಿ ಬಿಡಿಸಿದ್ದು ಸರಿಯಿದೆ. ಲೆಕ್ಕ.ಪೈ ಅಲ್ಲದೆ ಇನ್ನೆರಡರಲ್ಲಿ ಮೇನ್ ಕಡೆಯದ್ದು ಪೂರ್ತಿ ಹೋಗಿದೆ, ಅವುಗಳಲ್ಲಿ ಒಂದು ಟೆಸ್ಟ್ ಫೈಲ್. 'ತಿ'ಗೆಂದು ಬರೆದಿದ್ದ ಟೆಸ್ಟ್ ಅದರಲ್ಲೇ ಇತ್ತು, ಹಾಗಾಗಿ ಬಿಲ್ಡ್ ಹಸಿರಾಗಿಯೇ ಇತ್ತು.